‘ತಪ್ಪಾಗಿದ್ದರೆ ಕ್ಷಮಿಸಿ’ ಅಂದರೆ ಸಾಲದು

ಬೈಬಲಿನಲ್ಲಿ ‘ನಾನು ಪಾಪ ಮಾಡಿದ್ದೇನೆ’ ಎಂದು ಬಾಯಿಬಿಟ್ಟು ಹೇಳಿದವರು ಕಡಿಮೆಯೇನಿಲ್ಲ. ಐಗುಪ್ತದ ಫರೋಹ ಎರಡು ಸಲ ಹೇಳಿದ. ಆಲಿಕಲ್ಲು ಮಳೆ ಬಿದ್ದಾಗ ಒಮ್ಮೆ, ಮಿಡತೆ ಮುತ್ತಿದಾಗ ಇನ್ನೊಮ್ಮೆ. ಎರಡು ಸಲವೂ ಪೀಡೆ ತೊಲಗುತ್ತಲೇ ಅವನ ಮನಸ್ಸು ಮತ್ತೆ ಕಲ್ಲಾಯಿತು. ಡೇರೆಯೊಳಗೆ ಕೊಳ್ಳೆಯ ಬೆಳ್ಳಿ ಬಂಗಾರ ಹೂತಿಟ್ಟ ಆಕಾನನೂ ಹೇಳಿದ, ಆದರೆ ಕುಲ, ಮನೆತನ, ಮನೆ ಅಂತ ಒಂದೊಂದೇ ಜಾಲಾಡಿ ಅವನ ಹೆಸರಿಗೇ ಬಂದು ನಿಂತ ಮೇಲೆ. ಸೌಲ ಹೇಳಿದ, ದಾವೀದ ಹೇಳಿದ, ಯೇಸುವನ್ನು ಹಿಡಿದುಕೊಟ್ಟ ಯೂದ ಇಸ್ಕರಿಯೋತ ಹೇಳಿದ, ಹಂದಿ ಮೇಯಿಸಿ ಸಾಕಾಗಿ ಅಪ್ಪನ ಮನೆಗೆ ಮರಳಿದ ಕಿರಿಮಗನೂ ಹೇಳಿದ. ಮಾತು ಹೆಚ್ಚುಕಡಿಮೆ ಒಂದೇ. ಹಾಗಾಗಿ ಬರೀ ಆ ಮಾತು ಹಿಡಿದು ಪಶ್ಚಾತ್ತಾಪವನ್ನು ಅಳೆಯುವುದಕ್ಕಾಗುವುದಿಲ್ಲ. ಅದಾದ ಮೇಲೆ ಆ ಮನುಷ್ಯ ಏನು ಕೇಳಿದ ಅನ್ನುವುದನ್ನು ನೋಡಬೇಕು.

ರಾಜ ಸೌಲನ ಪ್ರಸಂಗ ಸಮುವೇಲನ ಮೊದಲನೆಯ ಗ್ರಂಥದ 15ನೆಯ ಅಧ್ಯಾಯದಲ್ಲಿದೆ. ಶತ್ರುಗಳಾದ ಅಮಾಲೇಕ್ಯರಲ್ಲಿ ಏನನ್ನೂ ಉಳಿಸಬಾರದೆಂದು ಅಪ್ಪಣೆ ಆಗಿತ್ತು. ಅವನು ರಾಜ ಅಗಾಗನನ್ನೂ ಕೊಬ್ಬಿದ ದನಕುರಿಗಳನ್ನೂ ಉಳಿಸಿಕೊಂಡ. ಪ್ರವಾದಿ ಸಮುವೇಲ ಬಂದು ಕೇಳಿದರೆ ಮೊದಲ ಉತ್ತರ, ‘ಹೇಳಿದ ಹಾಗೇ ಮಾಡಿದ್ದೇನೆ.’ ಹಾಗಾದರೆ ಈ ಕುರಿ ಕೂಗುವ ಶಬ್ದ ಎಲ್ಲಿಂದ ಬರುತ್ತಿದೆ ಅಂದಾಗ, ‘ಜನ ತಂದದ್ದು.’ ಅದೂ ಯಾಕೆ? ‘ದೇವರಿಗೆ ಬಲಿ ಕೊಡುವುದಕ್ಕೆ.’ ಯಾವ ಸಬೂಬೂ ಉಳಿಯದೇ ಹೋದಾಗ ‘ಪಾಪ ಮಾಡಿದ್ದೇನೆ, ಜನರಿಗೆ ಹೆದರಿದೆ’ ಎಂದ. ಅದರ ಬೆನ್ನಿಗೇ ಅವನು ಕೇಳಿದ್ದು ಇದು: ನನ್ನ ಜನದ ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು, ನನ್ನ ಜೊತೆ ಬಾ. ದಾವೀದ ಮಾಡಿದ್ದು ಇದಕ್ಕಿಂತ ಹೊಲಸು ಕೆಲಸ. ಊರೀಯನ ಹೆಂಡತಿಯನ್ನು ಕರೆಸಿಕೊಂಡ, ಅದನ್ನು ಮುಚ್ಚಿಹಾಕಲು ಊರೀಯನನ್ನೇ ಕೊಲ್ಲಿಸಿದ. ಆದರೆ ಪ್ರವಾದಿ ನಾತಾನ ಬಡವನ ಕುರಿ ಕಸಿದ ಸಿರಿವಂತನ ಕಥೆ ಹೇಳಿ ‘ಆ ಮನುಷ್ಯ ನೀನೇ’ ಅಂದಾಗ ಅವನ ಬಾಯಲ್ಲಿ ಸಬೂಬು ಬರಲಿಲ್ಲ, ಮರ್ಯಾದೆಯ ಮಾತೂ ಬರಲಿಲ್ಲ. ಆ ಪ್ರಸಂಗದ ಹೆಸರು ಹೊತ್ತಿರುವ 51ನೆಯ ಕೀರ್ತನೆಯಲ್ಲಿ ಅವನು ಕೇಳುವುದು ಶುದ್ಧ ಹೃದಯವನ್ನು. ಸಿಂಹಾಸನ ಉಳಿಸಿಕೊಡು ಅನ್ನುವ ಮಾತು ಅದರಲ್ಲಿಲ್ಲ. ಕ್ಷಮೆ ಸಿಕ್ಕಿತು, ಮಗು ತೀರಿಕೊಂಡಿತು, ಮನೆಯೊಳಗೆ ಕತ್ತಿ ಬಂತು. ಕ್ಷಮಿಸಿದ ಮೇಲೂ ಇದೆಲ್ಲ ಯಾಕೆ ಅಂತ ಅವನು ಜಗಳಕ್ಕೆ ನಿಲ್ಲಲಿಲ್ಲ.

ಮಲೆನಾಡಿನಲ್ಲಿ ನಾವು ಕೇಳುವ ಕ್ಷಮೆಯಲ್ಲಿ ಸೌಲನ ಪಾಲೇ ಜಾಸ್ತಿ. ‘ತಪ್ಪಾಗಿದ್ದರೆ ಕ್ಷಮಿಸಿ.’ ‘ಏನೋ ಆಗಿಹೋಯ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.’ ‘ಮಳೆಗಾಲದೊಳಗೆ ಇದೊಂದು ಮುಗಿಸಿಬಿಡೋಣ.’ ನಾಲ್ಕು ಜನ ಹಿರಿಯರನ್ನು ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಇಬ್ಬರ ಕೈ ಸೇರಿಸಿ ಎಬ್ಬಿಸುತ್ತಾರೆ. ಇದು ರಾಜಿ. ರಾಜಿಗೆ ಊರಲ್ಲಿ ಅದರದ್ದೇ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಪೆಟ್ಟು ಕೊಟ್ಟವನಿಗೂ ಪೆಟ್ಟು ತಿಂದವನಿಗೂ ಅಲ್ಲಿ ಸಮಪಾಲು ತಗ್ಗು ಹಂಚುತ್ತಾರೆ. ಪಶ್ಚಾತ್ತಾಪದಲ್ಲಿ ತಗ್ಗಬೇಕಾದವನು ಒಬ್ಬನೇ.

ಈಸ್ಟರಿಗೆ ಮುಂಚಿನ ತಪಸ್ಸುಕಾಲ ನಮ್ಮಲ್ಲಿ ಬೀಳುವ ಹೊತ್ತೂ ಇದಕ್ಕೆ ಹೇಳಿಮಾಡಿಸಿದಂತಿದೆ. ಅದು ಶುರುವಾಗುವ ಬೂದಿ ಬುಧವಾರ ಯಾವ ವರ್ಷವೂ ಫೆಬ್ರವರಿ 4ಕ್ಕಿಂತ ಮುಂಚೆ ಬರುವುದಿಲ್ಲ, ಮಾರ್ಚ್ 10 ದಾಟುವುದಿಲ್ಲ. ಕೊನೆಕೊಯ್ಲು ಮುಗಿದು, ಸುಲಿತ ಮುಗಿದು, ಅಡಿಕೆ ಮಂಡಿಗೆ ಹೋಗಿ ಕೈಯಲ್ಲಿ ದುಡ್ಡು ಓಡಾಡುವ ಕಾಲ ಅದು. ಕಾಫಿ ಸೀಮೆಯಲ್ಲಿ ಅರೇಬಿಕಾ ಕುಯಿಲು ಮುಗಿದು ರೋಬಸ್ಟಾ ನಡೆಯುತ್ತಿರುತ್ತದೆ. ಹಿಂದಿನ ವರ್ಷ ಗರಿಗಳ ಭಾನುವಾರಕ್ಕೆ ಹಿಡಿದ ಗರಿಗಳನ್ನು ಸುಟ್ಟ ಬೂದಿಯನ್ನು ಹಣೆಗೆ ಹಚ್ಚಿಸಿಕೊಂಡು, ಬಟ್ಟೆಯನ್ನಲ್ಲ ಹೃದಯವನ್ನು ಹರಿದುಕೊಳ್ಳಿರಿ ಎಂಬ ಯೋವೇಲನ ಮಾತು ಕೇಳಿ ಮನೆಗೆ ಬಂದವರು, ಮಾಂಸ ಬಿಟ್ಟು ಶುಕ್ರವಾರ ಶಿಲುಬೆಹಾದಿಗೆ ಹೋಗುವುದಕ್ಕಿಂತ ಮೊದಲು ವರ್ಷದ ಲೆಕ್ಕದ ಪುಸ್ತಕ ತೆರೆದು ಕೂತರೆ ಒಳ್ಳೆಯದು. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಪಾಪಕ್ಕೆ ಹೆಸರಿಡುವ ಕೆಲಸ. ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 988ನೆಯ ವಿಧಿ ಗಂಭೀರ ಪಾಪಗಳನ್ನು ಬಗೆ ಮತ್ತು ಎಣಿಕೆಯ ಸಮೇತ ಗುರುಗಳ (ಫಾದರ್) ಮುಂದೆ ನಿವೇದಿಸಬೇಕು ಅನ್ನುತ್ತದೆ. ಯಾವ ಪಾಪ, ಎಷ್ಟು ಸಲ. ಇದು ಕಚೇರಿ ಲೆಕ್ಕದ ಹಾಗೆ ಕೇಳಿಸಿ ಕೆಲವರಿಗೆ ಕಿರಿಕಿರಿ ಆಗುತ್ತದೆ. ಅದರ ಉಪಯೋಗ ಬೇರೆ. ‘ನಾನು ಸಿಡುಕ, ಫಾದರ್’ ಅನ್ನುವುದು ಸ್ವಭಾವದ ವರ್ಣನೆ, ಅದಕ್ಕೆ ಯಾರಾದರೂ ತಲೆ ಅಲ್ಲಾಡಿಸಬಹುದು ಅಷ್ಟೆ. ‘ಹೆಂಡತಿಗೆ ಈ ತಿಂಗಳು ಮೂರು ಸಲ ಹೊಡೆದೆ, ಒಮ್ಮೆ ಮಕ್ಕಳ ಎದುರಿಗೆ’ ಅನ್ನುವುದು ನಿವೇದನೆ. ಹೇಳುವಾಗ ನಾಲಿಗೆ ತಡವರಿಸುತ್ತದೆ, ತಡವರಿಸಿದರೆ ಒಳ್ಳೆಯದೇ. ಆತ್ಮಶೋಧನೆಗೆ ಒಂದು ಹಾಳೆ ತೆಗೆದುಕೊಂಡು ಏನು ಮಾಡಿದೆ, ಯಾರಿಗೆ, ಎಷ್ಟು ಸಲ, ಅವರಿಗೆ ಏನು ನಷ್ಟವಾಯಿತು ಎಂದು ನಾಲ್ಕು ಕಾಲಂ ಎಳೆಯಿರಿ. ನಾಲ್ಕನೆಯ ಕಾಲಂ ಬಹುಪಾಲು ಜನರಲ್ಲಿ ಖಾಲಿ ಇರುತ್ತದೆ. ಅದು ಖಾಲಿ ಇರುವಷ್ಟು ಕಾಲ ಮರುಗುತ್ತಿರುವುದು ನಮ್ಮ ಬಗ್ಗೆ ಮಾತ್ರ. ಕೆಲಸ ಆದ ಮೇಲೆ ಹಾಳೆಯನ್ನು ಒಲೆಗೆ ಹಾಕಿ. ಅಂಗಿಯ ಜೇಬಿನಲ್ಲಿ ಬಿಟ್ಟು ಒಗೆಯುವವರ ಕೈಗೆ ಸಿಕ್ಕುವುದು ಬೇಡ.

ಭಾಷೆಯ ವಿಷಯ ಒಂದಿದೆ. 1988ರಲ್ಲಿ ಆದ ಶಿವಮೊಗ್ಗ ಧರ್ಮಪ್ರಾಂತ್ಯದಲ್ಲಿ ಕೊಂಕಣಿ, ಕನ್ನಡ, ತಮಿಳು, ಮಲಯಾಳ ಮಾತಾಡುವವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪಾಪನಿವೇದನೆಗೆ ನಿಮಗೆ ಬೈಗುಳ ಯಾವ ಭಾಷೆಯಲ್ಲಿ ಬರುತ್ತದೋ ಆ ಭಾಷೆಯೇ ವಾಸಿ. ಕಲಿತ ಭಾಷೆಯಲ್ಲಿ ಎಂಥ ಹೊಲಸನ್ನೂ ನಾಜೂಕಾಗಿ ಹೇಳಿಬಿಡಬಹುದು. ಸ್ವಂತ ಊರಿನ ಗುರುಗಳ ಮುಂದೆ ಬಾಯಿ ಬರುವುದಿಲ್ಲ ಅನ್ನುವವರು ಬೇರೆ ಧರ್ಮಕೇಂದ್ರಕ್ಕೆ ಹೋಗಬಹುದು, 991ನೆಯ ವಿಧಿ ಆ ಸ್ವಾತಂತ್ರ್ಯ ಕೊಟ್ಟಿದೆ. ಎಲ್ಲಿ ಹೇಳಿದರೂ ಅದು ಆ ಗುರುಗಳ ಬಾಯಿಂದ ಆಚೆ ಬರುವಂತಿಲ್ಲ, 983ನೆಯ ವಿಧಿ ಅದಕ್ಕೆ ಹಾಕಿದ ಮುದ್ರೆಗೆ ವಿನಾಯಿತಿಯೇ ಇಲ್ಲ.

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಇಡೀ ಸಭೆ ಕೂಡಿ ಪಾಪ ಒಪ್ಪಿಕೊಳ್ಳುವ ಪ್ರಾರ್ಥನೆ ಇದೆ, ಆರಾಧನೆಯ ಕ್ರಮದಲ್ಲೇ ಬರುತ್ತದೆ. ಪೆಂತೆಕೊಸ್ತ ಸಭೆಗಳಲ್ಲಿ ಎದ್ದು ನಿಂತು ಸಾಕ್ಷಿ ಹೇಳುತ್ತಾರೆ. ಒಂದೊಂದು ದಾರಿಗೂ ಅದರದ್ದೇ ಗುಂಡಿ ಇದೆ. ಕಥೋಲಿಕರು ಮೂರು ‘ನಮೋ ಮರಿಯ’ ಹೇಳಿ ಎದ್ದು, ಮುಗಿಯಿತು ಎಂದುಕೊಳ್ಳುತ್ತಾರೆ. ಸಿಎಸ್‌ಐನವರಿಗೆ ಆ ಸಾಮೂಹಿಕ ಮಾತು ಬಾಯಿಪಾಠವಾಗಿ, ‘ಮಾಡಬಾರದ್ದನ್ನು ಮಾಡಿದ್ದೇವೆ’ ಎನ್ನುವಾಗ ಯಾವುದೂ ನೆನಪಾಗದೇ ಹೋಗುತ್ತದೆ. ನನಗೆ ಹೆಚ್ಚು ಭಯವಾಗುವುದು ಸಾಕ್ಷಿಯ ವಿಷಯದಲ್ಲಿ. ಮೈಕ್ ಕೈಗೆ ಬಂದಾಗ ಹಳೆಯ ಪಾಪಕ್ಕೆ ಬಣ್ಣ ಏರುತ್ತದೆ, ಕೇಳುವವರು ಕಣ್ಣೊರೆಸಿಕೊಳ್ಳುತ್ತಾರೆ, ಜೊತೆಗೆ ಆ ಪಾಪದಲ್ಲಿ ಪೆಟ್ಟು ತಿಂದ ಹೆಣ್ಣುಮಗಳ ಊರು, ಮನೆ, ಗುರುತು ಎಲ್ಲ ಹೊರಗೆ ಬೀಳುತ್ತದೆ. ತೀರ್ಥಹಳ್ಳಿಯ ಕಡೆಯವಳು, ಆಗ ಬಿ.ಎ. ಓದುತ್ತಿದ್ದಳು ಅಂದರೆ ಸಾಕು, ನಮ್ಮ ಕಡೆ ಮಿಕ್ಕಿದ್ದನ್ನು ಜನ ತುಂಬಿಕೊಳ್ಳುತ್ತಾರೆ. ಅವಳನ್ನು ಕೇಳದೆ ಹೇಳಿದ ಸಾಕ್ಷಿ ಅವಳಿಗೆ ಎರಡನೆಯ ಪೆಟ್ಟು.

ಇನ್ನು ದುಃಖ. ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 7ನೆಯ ಅಧ್ಯಾಯದಲ್ಲಿ ದೇವರ ಚಿತ್ತಾನುಸಾರವಾದ ದುಃಖ, ಲೋಕದ ದುಃಖ ಎಂದು ಎರಡು ಬೇರೆ ಮಾಡುತ್ತಾನೆ. ಮೊದಲನೆಯದು ರಕ್ಷಣೆಗೆ ಒಯ್ಯುತ್ತದೆ, ಎರಡನೆಯದು ಸಾವಿಗೆ. ದುಃಖದ ಪ್ರಮಾಣ ಇಲ್ಲಿ ಲೆಕ್ಕಕ್ಕಿಲ್ಲ, ಯೂದನನ್ನು ನೋಡಿ. ಮತ್ತಾಯನ 27ನೆಯ ಅಧ್ಯಾಯದಲ್ಲಿ ಅವನು ಮರುಗುತ್ತಾನೆ, ನಿರಪರಾಧಿಯ ರಕ್ತಕ್ಕೆ ದ್ರೋಹ ಮಾಡಿದೆ ಎಂದು ಬಾಯಿಬಿಟ್ಟು ಹೇಳುತ್ತಾನೆ, 30 ಬೆಳ್ಳಿ ನಾಣ್ಯಗಳನ್ನು ವಾಪಸ್ ಕೊಂಡೊಯ್ಯುತ್ತಾನೆ. ಮರುಕ, ನಿವೇದನೆ, ಮರುಪಾವತಿ, ಮೂರೂ ಇವೆ. ಆದರೆ ಹೋದದ್ದು ತನ್ನನ್ನು ಬಳಸಿಕೊಂಡವರ ಬಾಗಿಲಿಗೆ, ಅವರು ‘ಅದು ನಮಗೇನು, ನೀನೇ ನೋಡಿಕೋ’ ಅಂದರು. ಅಲ್ಲಿಂದ ಅವನು ಒಂಟಿಯಾಗಿ ಹೊರಟ. ಮೂರು ಸಲ ಯೇಸುವನ್ನು ಅರಿಯೆನೆಂದ ಪೇತ್ರನ ಕೈಯಲ್ಲಿ ಹಿಂದಿರುಗಿಸುವುದಕ್ಕೆ ಕಾಸೂ ಇರಲಿಲ್ಲ. ಅತ್ತ, ಆದರೆ ಉಳಿದ ಶಿಷ್ಯರ ನಡುವೆಯೇ ಉಳಿದ. ತನ್ನ ತಪ್ಪಿನ ಭಾರಕ್ಕೆ ಬದುಕೇ ಬೇಡ ಅನ್ನಿಸುತ್ತಿರುವವರು ಅದನ್ನು ದೊಡ್ಡ ಪಶ್ಚಾತ್ತಾಪ ಎಂದುಕೊಳ್ಳಬೇಡಿ. ಅದು ಕಾಯಿಲೆಯ ಹಾಗೆ ತುರ್ತು ನೋಡಬೇಕಾದದ್ದು. ಆ ಹೊತ್ತಿನಲ್ಲಿ ಒಬ್ಬರೇ ಇರಬೇಡಿ, ಮನೆಯವರನ್ನೋ ಗುರುಗಳನ್ನೋ ಕರೆಯಿರಿ, 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು, ಕನ್ನಡದಲ್ಲೇ ಮಾತಾಡಬಹುದು.

ಈಗ ಲೆಕ್ಕದ ಪುಸ್ತಕ. ಸ್ನಾನಿಕನಾದ ಯೋಹಾನನ ಬಳಿ ಬಂದವರು ‘ನಾವೇನು ಮಾಡಬೇಕು’ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಲೂಕನ 3ನೆಯ ಅಧ್ಯಾಯದಲ್ಲಿದೆ. ಎರಡು ಅಂಗಿ ಇದ್ದವನು ಒಂದು ಕೊಡಲಿ. ಸುಂಕದವನು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡದಿರಲಿ. ಸಿಪಾಯಿ ಹೆದರಿಸಿ ದುಡ್ಡು ಕೀಳದಿರಲಿ, ಸಂಬಳ ಸಾಕೆನ್ನಲಿ. ಕೆಲಸ ಬಿಟ್ಟು ಅಡವಿಗೆ ಬಾ ಅನ್ನಲಿಲ್ಲ. ಯಾವ ಕೈಯಿಂದ ತಪ್ಪು ನಡೆಯಿತೋ ಆ ಕೈಯಲ್ಲೇ ಸರಿಪಡಿಸುವ ಮಾತು. ಅರಣ್ಯಕಾಂಡದ 5ನೆಯ ಅಧ್ಯಾಯ ಇನ್ನೂ ಖಚಿತ: ಪಾಪವನ್ನು ಒಪ್ಪಿಕೊಳ್ಳಬೇಕು, ತೆಗೆದುಕೊಂಡದ್ದನ್ನು ಪೂರ್ತಿ ಕೊಡಬೇಕು, ಅದರ ಮೇಲೆ ಐದರಲ್ಲೊಂದು ಪಾಲು ಸೇರಿಸಬೇಕು. ಕದ್ದ ಕುರಿಯನ್ನು ಕೊಯ್ದೋ ಮಾರಿಯೋ ಆಗಿದ್ದರೆ ನಾಲ್ಕು ಕುರಿ, ಎತ್ತಾದರೆ ಐದು ಎತ್ತು ಎಂಬ ಲೆಕ್ಕ ವಿಮೋಚನಕಾಂಡ 22ರಲ್ಲಿದೆ. ಸುಂಕದವರ ಮುಖ್ಯಸ್ಥ ಜಕ್ಕಾಯ ಯೇಸುವಿನ ಮುಂದೆ ನಾಲ್ಕರಷ್ಟು ಕೊಡುತ್ತೇನೆ ಅಂದದ್ದು ಉಬ್ಬಿ ಆಡಿದ ಮಾತಲ್ಲ. ತನ್ನ ವಸೂಲಿಗೆ ಕಳ್ಳತನದ ದರವನ್ನು ತಾನೇ ಹಾಕಿಕೊಂಡ.

ಅಡಿಕೆ ಸುಲಿತ ತೆಗೆದುಕೊಳ್ಳಿ. ತೋಟದ ಮನೆಯಲ್ಲಿ ಡಬ್ಬದ ಲೆಕ್ಕಕ್ಕೆ ಕೂಲಿ ಅಂತಿಟ್ಟುಕೊಳ್ಳೋಣ. ಯಜಮಾನ ಅಳೆದುಕೊಳ್ಳುವಾಗ ಡಬ್ಬದ ಮೇಲೆ ಗೋಪುರ ಮಾಡಿಸುತ್ತಾನೆ, ದುಡ್ಡು ಮಾತ್ರ ಮಟ್ಟ ಡಬ್ಬಕ್ಕೆ ಕೊಡುತ್ತಾನೆ. ಗೋಪುರದಲ್ಲಿ ಹತ್ತರಲ್ಲೊಂದು ಪಾಲು ಜಾಸ್ತಿ ಅಡಿಕೆ ಹೋಯಿತು. ಹಂಗಾಮಿಗೆ ಒಟ್ಟು 1,00,000 ರೂಪಾಯಿ ಸುಲಿತದ ಕೂಲಿ ಬಟವಾಡೆ ಆಗಿದ್ದರೆ ಕೊಡದೇ ಉಳಿಸಿಕೊಂಡದ್ದು 10,000. ಐದರಲ್ಲೊಂದು ಸೇರಿಸಿದರೆ 12,000. ಇದನ್ನು ಹೆಂಗಸರಿಗೆ ತಲೆಗಿಷ್ಟು ಅಂತ ಹಂಚುವಂತಿಲ್ಲ. ಯಾರು ಎಷ್ಟು ಡಬ್ಬ ಸುಲಿದರು ಅನ್ನುವುದು ಪುಸ್ತಕದಲ್ಲಿ ಇರುತ್ತದೆ, ಅದೇ ಪ್ರಮಾಣದಲ್ಲಿ ಹೋಗಬೇಕು. ಹಂಗಾಮು ಎರಡಾಗಿದ್ದರೆ ಎರಡರದ್ದೂ. ಇಲ್ಲಿ ಎಲ್ಲರೂ ಹಿಡಿಯುವ ಅಡ್ಡದಾರಿ ಒಂದಿದೆ: ಕ್ರಿಸ್ಮಸ್ಸಿಗೆ ಒಂದೊಂದು ಸೀರೆ, ಒಂದು ಡಬ್ಬಿ ಕುಸ್ವಾರ (ಹಬ್ಬದ ತಿಂಡಿ) ಕೊಟ್ಟು ಸರಿದೂಗಿಸುವುದು. ಸೀರೆ ಕೊಟ್ಟರೆ ಅವಳು ನಿಮಗೆ ಕೈಮುಗಿಯಬೇಕಾಗುತ್ತದೆ. ಬಾಕಿ ಕೊಟ್ಟರೆ ಕೈಮುಗಿಯಬೇಕಾದವರು ನೀವು. ಜನ ಸೀರೆಯ ದಾರಿ ಹಿಡಿಯುವುದು ಇದಕ್ಕೇ.

ಹೋಗಿ ಹೇಳಬೇಕಾದ ಮಾತು ಉದ್ದ ಇರಬೇಕಾಗಿಲ್ಲ. ‘ಅಕ್ಕಾ, ಹೋದ ಸಲ ಡಬ್ಬದ ಮೇಲೆ ತುಂಬಿಸಿ ಅಳ್ಕೊಂಡೆ, ದುಡ್ಡು ಮಟ್ಟ ಡಬ್ಬಕ್ಕೆ ಕೊಟ್ಟೆ. ಗೊತ್ತಿದ್ದೇ ಮಾಡಿದ್ದು. ನಿಮ್ಮ ಲೆಕ್ಕದಲ್ಲಿ ಇಷ್ಟು ಬರತ್ತೆ, ತಗಳ್ಳಿ. ಈ ಸಲದಿಂದ ತೂಕಕ್ಕೇ ಹಾಕೋದು, ಮುಳ್ಳು ನೀವೇ ನೋಡ್ಕಳ್ಳಿ.’ ಇಷ್ಟರಲ್ಲಿ ಏನಿದೆ ಏನಿಲ್ಲ ಗಮನಿಸಿ. ‘ತಪ್ಪಾಗಿದ್ದರೆ’ ಇಲ್ಲ. ಆ ವರ್ಷ ಕೊಳೆರೋಗ ಬಂದು ಬೆಳೆ ಅರ್ಧ ಹೋಗಿತ್ತು ಅನ್ನುವ ಪುರಾಣ ಇಲ್ಲ, ಅದು ನಿಜವೇ ಆಗಿದ್ದರೂ. ‘ಗೊತ್ತಿದ್ದೇ’ ಅನ್ನುವುದು ಇದೆ, ನುಂಗಲು ಕಷ್ಟವಾಗುವುದು ಅದೇ. ಮುಂದೆ ಬೇರೆ ಏನು ಮಾಡುತ್ತೀರಿ ಅನ್ನುವುದು ಇದೆ, ಅದನ್ನು ಅವಳೇ ಪರೀಕ್ಷಿಸುವ ಹಾಗಿದೆ. ಅವಳು ಹೇಳುವ ಉತ್ತರ ಬಹುಶಃ ಒಂದೇ: ‘ನಮಗೆ ಆವಾಗ್ಲೇ ಗೊತ್ತಿತ್ತು.’ ಅದನ್ನು ಕೇಳಿ ಅವಮಾನ ಆದರೆ ಆಗಲಿ. ಅಳತೆಯಲ್ಲಿ ಮೋಸ ಹೋಗುವವರಿಗೆ ಅದು ಗೊತ್ತಾಗದೇ ಇರುವುದಿಲ್ಲ, ಕೆಲಸ ಹೋದೀತೆಂದು ಸುಮ್ಮನಿರುತ್ತಾರೆ. ಮತ್ತೆ, ಅವಳ ಮನೆಬಾಗಿಲಿಗೆ ನೀವು ಹೋಗಬೇಕು. ಅವಳನ್ನು ಅಂಗಳಕ್ಕೆ ಕರೆಸಿಕೊಂಡು ಹೇಳುವುದಲ್ಲ.

ಜಮೀನಿನ ವಿಷಯ ಇದಕ್ಕಿಂತ ತೊಡಕು. ಬೇಲಿ ಸರಿಸಿ ಪಕ್ಕದವರ ನಾಲ್ಕು ಅಡಿ ಒಳಗೆ ಹಾಕಿಕೊಂಡು ಅಡಿಕೆ ಸಸಿ ಇಟ್ಟು ಈಗ ಫಸಲು ಬರುತ್ತಿದ್ದರೆ, ಜಾಗದ ಜೊತೆಗೆ ಆ ಸಾಲಿನಿಂದ ಇಲ್ಲಿಯವರೆಗೆ ತಿಂದ ಫಸಲೂ ಬಾಕಿಯೇ. ಹದ್ದುಬಸ್ತಿಗೆ ಅರ್ಜಿ ಹಾಕಿ, ಶುಲ್ಕ ನೀವೇ ಕಟ್ಟಿ, ಕಲ್ಲು ನೆಡಿಸಿ. ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗವನ್ನು ಮಗನ ಕಾಲಕ್ಕೆ ಮತ್ತೆ ಬೇಲಿ ನುಂಗುತ್ತದೆ. ತಂಗಿಯ ಪಾಲೂ ಹೀಗೇ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತರ ಆಸ್ತಿಯಲ್ಲಿ ಗಂಡು ಹೆಣ್ಣು ಮಕ್ಕಳಿಗೆ ಸಮಪಾಲು. ‘ಬ್ಯಾಂಕ್ ಸಾಲಕ್ಕೆ ಬೇಕು, ಇಲ್ಲೊಂದು ಸೈನ್ ಹಾಕು’ ಅಂತ ಹಕ್ಕು ಬಿಡುಗಡೆ ಪತ್ರಕ್ಕೆ ಅವಳಿಂದ ರುಜು ಹಾಕಿಸಿಕೊಂಡವನು ಪ್ರತಿ ವರ್ಷ ಚರ್ಚಿನ ತೆರಾಲಿ ಹಬ್ಬಕ್ಕೆ ಅವಳನ್ನು ಕರೆದು ಹಂದಿ ಮಾಂಸದ ಊಟ ಹಾಕಿದರೆ ಏನೂ ತೀರಲಿಲ್ಲ. ಅದನ್ನು ತೀರಿಸುವ ಜಾಗ ನೋಂದಣಿ ಕಚೇರಿ.

ಮೋಸ ಹೋದವರು ತೀರಿಕೊಂಡಿದ್ದರೆ? ಅರಣ್ಯಕಾಂಡದ ಕ್ರಮ ಸ್ಪಷ್ಟವಿದೆ. ಮೊದಲು ಅವರ ಹತ್ತಿರದ ಬಂಧುವಿಗೆ. ಬಂಧುವೂ ಇಲ್ಲದಿದ್ದರೆ ಮಾತ್ರ ದೇವರಿಗೆ, ಯಾಜಕರ ಮೂಲಕ. ನಾವು ಇದನ್ನು ತಿರುಗಿಸಿ ಹಾಕುತ್ತೇವೆ. ಎಸ್ಟೇಟಿನ ಲೈನ್ ಮನೆಯಲ್ಲಿದ್ದ ಕೂಲಿಯವರ ಮುಂಗಡದ ಲೆಕ್ಕದಲ್ಲಿ ಕೈಯಾಡಿಸಿದವರು ಹತ್ತು ವರ್ಷದ ಮೇಲೆ ಧರ್ಮಕೇಂದ್ರದ ಹಬ್ಬಕ್ಕೆ ದೊಡ್ಡ ಮೊತ್ತ ಬರೆಸಿ ಹೆಸರು ಹಾಕಿಸಿಕೊಳ್ಳುತ್ತಾರೆ. ಆ ಕೂಲಿಯವರು ಎಲ್ಲಿಂದ ಬಂದಿದ್ದರು, ಯಾವ ಮೇಸ್ತ್ರಿಯ ಜೊತೆ ಬಂದಿದ್ದರು ಎಂದು ಒಂದು ಫೋನ್ ಮಾಡಿರುವುದಿಲ್ಲ. ಹುಡುಕಿಯೂ ಸಿಗಲಿಲ್ಲ ಅಂದ ಮೇಲೆ ಬಡವರಿಗೆ ಕೊಡಿ, ಹೆಸರಿಲ್ಲದೆ ಕೊಡಿ.

ಮತ್ತಾಯನ 5ನೆಯ ಅಧ್ಯಾಯದ ಯೇಸುವಿನ ಮಾತನ್ನು ನಾವು ಸಲೀಸಾಗಿ ಓದಿಬಿಡುತ್ತೇವೆ: ಕಾಣಿಕೆಯನ್ನು ವೇದಿಯ ಮುಂದೆ ಬಿಟ್ಟು ಹೋಗು, ಮೊದಲು ಸಹೋದರನ ಜೊತೆ ಒಂದಾಗು, ಆಮೇಲೆ ಬಂದು ಅರ್ಪಿಸು. ಕೇಳುತ್ತಿದ್ದವರು ಗಲಿಲಾಯದಲ್ಲಿದ್ದರು, ಕಾಣಿಕೆ ಅರ್ಪಿಸುವ ವೇದಿ ಇದ್ದದ್ದು ಜೆರೂಸಲೇಮಿನಲ್ಲಿ. ನಡುವೆ ಹೆಚ್ಚುಕಡಿಮೆ 120 ಕಿಲೋಮೀಟರ್, ಶಿವಮೊಗ್ಗದಿಂದ ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿ ಇಳಿದು ಹೆಬ್ರಿ ಮುಟ್ಟುವಷ್ಟು. ಬಲಿಯ ಪ್ರಾಣಿಯನ್ನು ಅಲ್ಲೇ ಕಟ್ಟಿಹಾಕಿ, ಕಾಲ್ನಡಿಗೆಯಲ್ಲಿ ಊರಿಗೆ ಹೋಗಿ, ರಾಜಿಯಾಗಿ, ಮತ್ತೆ ನಡೆದು ಬರಬೇಕು. ವಾರ ಕಳೆಯುತ್ತದೆ. ಆರಾಧನೆ ಕಾಯಲಿ ಎಂದು ಅವನು ಹೇಳಿದ್ದು ಇಷ್ಟು ದೂರ ಇಟ್ಟುಕೊಂಡು. ನಮ್ಮ ಎರಡು ಬೆಂಚು ಆಚೆ ಕೂತವರ ಜೊತೆ ಮಾತು ಬಿಟ್ಟು ಪರಮಪ್ರಸಾದಕ್ಕೆ ಸಾಲು ನಿಲ್ಲುವ ನಮಗೆ ಇದರ ಬಿಸಿ ತಾಗಬೇಕು.

ಎಲ್ಲವನ್ನೂ ಹೋಗಿ ಹೇಳಲೇಬೇಕೆಂದೇನೂ ಇಲ್ಲ. ಕುಡಿತ ಬಿಡುವವರ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಹೆಜ್ಜೆಗಳಲ್ಲಿ ಎಂಟನೆಯದು ನೋಯಿಸಿದವರ ಪಟ್ಟಿ ಮಾಡುವುದು, ಒಂಬತ್ತನೆಯದು ಅವರಿಗೆ ನೇರವಾಗಿ ಸರಿಪಡಿಸಿಕೊಡುವುದು, ಹಾಗೆ ಮಾಡುವುದರಿಂದ ಅವರಿಗೋ ಬೇರೆಯವರಿಗೋ ಹಾನಿಯಾಗುವಂತಿದ್ದರೆ ಹೊರತು. ಈ ಕೊನೆಯ ಷರತ್ತು ಬಂಗಾರದಂಥದ್ದು. ‘ಹದಿನೈದು ವರ್ಷ ನಿನ್ನನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು, ಕ್ಷಮಿಸು’ ಎಂದು ಏನೂ ಗೊತ್ತಿಲ್ಲದ ನಾದಿನಿಗೆ ಹೇಳಿದರೆ ಹೇಳಿದವರ ಎದೆ ಹಗುರ, ಕೇಳಿದವಳ ನಿದ್ದೆ ಹಾಳು. ಭಾರ ಇಳಿಸಿಕೊಳ್ಳುವುದಕ್ಕೆ ಹೋಗುತ್ತಿದ್ದೇನೋ, ನಷ್ಟ ತುಂಬಿಕೊಡುವುದಕ್ಕೋ ಎಂದು ಹೊರಡುವ ಮೊದಲು ಗುರುಗಳನ್ನೋ ಸಭಾಪಾಲಕರನ್ನೋ ಕೇಳಿ. ಹಾದರದಂಥ ವಿಷಯದಲ್ಲಂತೂ ಕೇಳದೆ ಬಾಯಿ ಬಿಡಬೇಡಿ.

ಆದರೆ ಬಾಯಿ ಮುಚ್ಚಿಸುವುದಕ್ಕೆ ಈ ಷರತ್ತನ್ನು ಬಳಸುವವರೂ ಇದ್ದಾರೆ. ಮಗುವಿನ ಮೇಲೆ ಕೈ ಮಾಡಿದವನ ಪಶ್ಚಾತ್ತಾಪವನ್ನು ಧರ್ಮಕೇಂದ್ರದ ಪಡಸಾಲೆಯಲ್ಲಿ ಕೂತು ತೀರ್ಮಾನಿಸುವ ಹಾಗಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ನಿಜವಾಗಿ ತಿರುಗಿಕೊಂಡವನು ಕಾನೂನಿನ ಮುಂದೆ ತಾನೇ ಹೋಗಿ ನಿಲ್ಲುತ್ತಾನೆ, ‘ದೇವರು ಕ್ಷಮಿಸಿದ್ದಾನೆ, ನೀವ್ಯಾರು’ ಅನ್ನುವುದಿಲ್ಲ. ಹೊಡೆತ ತಿಂದ ಹೆಂಡತಿ ತವರಿಗೆ ಹೋಗಿದ್ದರೆ ಅವಳ ಮನೆಗೆ ದಿನಾ ಫೋನ್ ಮಾಡಿ ಅಳುವುದೂ ಹೊಡೆತದ್ದೇ ಇನ್ನೊಂದು ರೂಪ. ಅವಳು ಯಾವಾಗ ಮಾತಾಡಬೇಕು, ವಾಪಸ್ ಬರಬೇಕೋ ಬೇಡವೋ ಅನ್ನುವುದು ಅವಳ ಕೈಯಲ್ಲಿದೆ. ಅದನ್ನು ಅವಳಿಗೆ ಬಿಡಲಾಗದವನು ಇನ್ನೂ ಯಜಮಾನಿಕೆ ಬಿಟ್ಟಿಲ್ಲ. ಹಾಗೆಯೇ ಸಂಘದ ದುಡ್ಡು ತಿಂದ ಖಜಾಂಚಿಯನ್ನು ಪೂರ್ಣ ಮನಸ್ಸಿನಿಂದ ಕ್ಷಮಿಸಬಹುದು, ಮತ್ತೆಂದೂ ಅವನಿಗೆ ಪೆಟ್ಟಿಗೆಯ ಕೀಲಿ ಕೊಡದೆಯೂ ಇರಬಹುದು. ಕೀಲಿ ವಾಪಸ್ ಕೇಳುವವನ ಪಶ್ಚಾತ್ತಾಪದ ಬಗ್ಗೆ ಅನುಮಾನಪಡಿ.

ಮತ್ತೆ ಬೀಳುವುದರ ಬಗ್ಗೆ. ದಿನಕ್ಕೆ ಏಳು ಸಲ ಬಂದು ಮರುಗಿದರೂ ಕ್ಷಮಿಸು ಎಂದು ಲೂಕ 17ರಲ್ಲಿದೆ. ಹಾಗಾಗಿ ಮತ್ತೆ ಬಿದ್ದದ್ದೇ ನಾಟಕಕ್ಕೆ ಸಾಕ್ಷಿಯಲ್ಲ. ಆದರೆ ಬೀಳುವ ದಾರಿಯನ್ನು ಮುಚ್ಚಿದ್ದಾನೋ ನೋಡಿ. ಓಸಿ ಜೂಜು ಬಿಟ್ಟೆ ಅನ್ನುವವನು ಬರೆಸುವವನ ನಂಬರನ್ನು ಫೋನಿನಲ್ಲಿ ಇಟ್ಟುಕೊಂಡಿದ್ದರೆ, ರಮ್ಮಿ ಬಿಟ್ಟೆ ಅನ್ನುವವನ ಖಾತೆಯ ಪಾಸ್‌ವರ್ಡ್ ಅವನ ಕೈಯಲ್ಲೇ ಇದ್ದರೆ, ಬಿಟ್ಟಿದ್ದು ಬಾಯಲ್ಲಿ ಮಾತ್ರ. ಕುಡಿತದ ವಿಷಯದಲ್ಲಿ ಒಂದು ಎಚ್ಚರಿಕೆ. ದಿನಾ ವಿಪರೀತ ಕುಡಿಯುತ್ತಿದ್ದವರು ಹರಕೆ ಹೊತ್ತು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಅದನ್ನು ಸೈತಾನನ ಕಾಟ ಎಂದು ಪ್ರಾರ್ಥನೆಗೆ ಕೂರಿಸಿಕೊಳ್ಳಬೇಡಿ. ಮೊದಲು ಡಾಕ್ಟರ್.

ಇಷ್ಟೆಲ್ಲ ಕೊಟ್ಟು ತೀರಿಸಿ ಕ್ಷಮೆಯನ್ನು ಕೊಂಡುಕೊಳ್ಳುತ್ತೇವೆಂದು ಯಾರೂ ಭಾವಿಸಬಾರದು. ಜಕ್ಕಾಯ ನಾಲ್ಕರಷ್ಟು ಅಂದದ್ದು ಯೇಸು ‘ಮರದಿಂದ ಇಳಿದು ಬಾ, ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು’ ಎಂದು ಕರೆದ ಮೇಲೆ. ಕೃಪೆ ಮೊದಲು, ಲೆಕ್ಕ ಆಮೇಲೆ. 1517ರಲ್ಲಿ ಪ್ರಾಟೆಸ್ಟೆಂಟರ ಮೂಲಪುರುಷ ಲೂಥರ್ ಬರೆದ 95 ವಾದಗಳಲ್ಲಿ ಮೊದಲನೆಯದೇ ವಿಶ್ವಾಸಿಗಳ ಇಡೀ ಬದುಕು ಪಶ್ಚಾತ್ತಾಪವಾಗಬೇಕು ಅನ್ನುವುದು. 1551ರಲ್ಲಿ ಕಥೋಲಿಕರ ತ್ರೆಂತ್ ಮಹಾಸಭೆ ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ ಎಂದು ಮೂರನ್ನು ಗಟ್ಟಿಮಾಡಿತು. ಜಗಳವಾಡಿದ ಈ ಎರಡು ಕಡೆಯವರೂ ಕದ್ದದ್ದನ್ನು ಇಟ್ಟುಕೊಳ್ಳಬಹುದು ಎಂದು ಎಲ್ಲಿಯೂ ಹೇಳಿಲ್ಲ.

ಕೊಡಲು ಏನೂ ಇಲ್ಲದವರಿಗೆ ಪೌಲ ಫಿಲೆಮೋನನಿಗೆ ಬರೆದ ಪತ್ರ ಇದೆ, ಬರೀ 25 ವಚನಗಳದ್ದು. ಯಜಮಾನನ ಮನೆಯಿಂದ ಹೋಗಿದ್ದ ದಾಸ ಒನೇಸಿಮನನ್ನು ಪೌಲ ವಾಪಸ್ ಕಳಿಸುತ್ತಾನೆ. ಅವನಿಂದ ನಿನಗೆ ಏನಾದರೂ ನಷ್ಟವಾಗಿದ್ದರೆ, ಬಾಕಿ ಇದ್ದರೆ ನನ್ನ ಲೆಕ್ಕಕ್ಕೆ ಹಾಕು, ಪೌಲನೆಂಬ ನಾನು ಸ್ವಂತ ಕೈಯಿಂದ ಬರೆಯುತ್ತಿದ್ದೇನೆ, ನಾನೇ ತೀರಿಸುತ್ತೇನೆ ಅನ್ನುತ್ತಾನೆ. ನಮ್ಮ ಸಭೆಗಳಲ್ಲಿ ಈ ಕೆಲಸ ಮಾಡುವವರು ಬೇಕು. ಕೂಲಿಯಲ್ಲಿ ಬದುಕುವವನು ಸ್ವಸಹಾಯ ಸಂಘದ 18,000 ರೂಪಾಯಿ ತಿಂದು ಈಗ ತಲೆತಗ್ಗಿಸಿ ಬಂದಿದ್ದರೆ, ತಿಂಗಳಿಗೆ 1,500ರಂತೆ 12 ಕಂತು ಬರೆದು, ಸಂಘದ ಅಧ್ಯಕ್ಷೆಗೆ ಒಂದು ಪ್ರತಿ, ಅವನಿಗೆ ಒಂದು ಪ್ರತಿ ಕೊಟ್ಟು, ಹಿರಿಯರೊಬ್ಬರು ಅದಕ್ಕೆ ಜಾಮೀನು ರುಜು ಹಾಕಬೇಕು. ಎರಡನೆಯ ಕೊರಿಂಥದ 2ನೆಯ ಅಧ್ಯಾಯದಲ್ಲಿ ಪೌಲ ಅಂಥವನನ್ನು ವಿಪರೀತ ದುಃಖ ನುಂಗಿಬಿಡದ ಹಾಗೆ ನೋಡಿಕೊಳ್ಳಿ ಎಂದು ಸಭೆಗೇ ಹೇಳುತ್ತಾನೆ. ಭಾನುವಾರ ಅವನು ಹಿಂದಿನ ಬೆಂಚಿಗೆ ಹೋದರೆ ಯಾರಾದರೂ ಹೋಗಿ ಪಕ್ಕದಲ್ಲಿ ಕೂರಲಿ. ಜಾಮೀನು ನಿಂತವರು ಕಂತು ತಪ್ಪಿದ ತಿಂಗಳು ಸಂಘದವರಿಗಿಂತ ಮೊದಲು ಅವನ ಮನೆಗೆ ಹೋಗಿ ಯಾಕೆ ತಪ್ಪಿತು ಎಂದು ಕೇಳಲಿ, ಆ ತಿಂಗಳು ಅವನಿಗೆ ಕೆಲಸವೇ ಸಿಕ್ಕಿರಲಿಲ್ಲ ಅಂದರೆ ಆ 1,500ನ್ನು ತಮ್ಮ ಜೇಬಿನಿಂದ ಕಟ್ಟಲಿ.